ರೆಯಾಲ್ ದೆಲ್ ಮೊಂತೆಗೆ ಒಂದು ದಿನ: ಮಾಡಬೇಕಾದ್ದು, ಮಾಡಬಾರದ್ದು

ಮೆಕ್ಸಿಕೋ ಸಿಟಿಯಿಂದ ನಮ್ಮ ಜೊತೆ ರೆಯಾಲ್ ದೆಲ್ ಮೊಂತೆಗೆ ಹೊರಡುವವರೆಲ್ಲ ಇದನ್ನು ಪೂರ್ತಿ ಓದಿಯೇ ಬಸ್ ಹತ್ತಬೇಕು. ಕನ್ನಡ ಓದಲು ಬಾರದ ಮಕ್ಕಳು ಜೊತೆಗಿದ್ದರೆ ಅಪ್ಪ ಅಮ್ಮ ಓದಿ ಹೇಳಬೇಕು. ಇಲ್ಲಿ ಬರೆದಿರುವುದೆಲ್ಲ ನಿಯಮ. ಹಿರಿಯರಿಗೊಂದು, ಕಿರಿಯರಿಗೊಂದು ಎಂಬ ಭೇದವಿಲ್ಲ.

ಇದಾಲ್ಗೊ ರಾಜ್ಯದ ಬೆಟ್ಟಗಳ ನಡುವೆ ಸುಮಾರು 2,700 ಮೀಟರ್ ಎತ್ತರದಲ್ಲಿರುವ ಈ ಊರಿನ ಸರ್ಕಾರಿ ಹೆಸರು ಮಿನೆರಾಲ್ ದೆಲ್ ಮೊಂತೆ. 2004ರಿಂದ ಇದು ಮೆಕ್ಸಿಕೋ ಸರ್ಕಾರದ ‘ಪುಯೆಬ್ಲೊ ಮಾಜಿಕೊ’ (ಮಾಂತ್ರಿಕ ಊರು) ಪಟ್ಟಿಯಲ್ಲಿದೆ, ಹಾಗಾಗಿ ವಾರದ ಕೊನೆಗೆ ಜನ ಕಿಕ್ಕಿರಿಯುತ್ತಾರೆ. ಇಳಿಜಾರು ಕೆಂಪು ತಗಡಿನ ಮಾಡು, ಕಲ್ಲು ಹಾಸಿದ ಓಣಿ, ಮಧ್ಯಾಹ್ನವಾದರೂ ಬಿಡದ ಮಂಜು. ಕಣ್ಣಿಗೆ ಸೊಗಸು, ನಿಜ. ಆದರೆ ಆ ಓಣಿಗಳ ಕೆಳಗೆ ಉದ್ದಕ್ಕೂ ಸುರಂಗಗಳಿವೆ. ಹದಿನಾರನೇ ಶತಮಾನದಿಂದ ಇಲ್ಲಿ ಬೆಳ್ಳಿ ಅಗೆದವರು, ಅಗೆಯುತ್ತಾ ಸತ್ತವರು, ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಕಟ್ಟಿದ ಊರು ಇದು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತೂ ಅದೇ ಓಣಿಗಳಲ್ಲಿ ಬಾಳುತ್ತಿದ್ದಾರೆ. ದುಡಿದವರ ಮನೆಗೆ ಹೋಗುತ್ತಿದ್ದೇವೆ ಎಂಬ ಎಚ್ಚರ ಬೆಳಗಿನಿಂದ ಸಂಜೆಯವರೆಗೂ ಇರಲಿ. ಕೆಳಗಿನ ಒಂದೊಂದು ನಿಯಮವೂ ಇದರಿಂದಲೇ ಬಂದದ್ದು.

ಹೊರಡುವ ಮೊದಲು

ಮೆಕ್ಸಿಕೋಗೆ ಬಂದಿಳಿದ ಮರುದಿನವೇ ಈ ಪ್ರವಾಸಕ್ಕೆ ಹೆಸರು ಕೊಡಬೇಡಿ. ಬೆಂಗಳೂರಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಮೆಕ್ಸಿಕೋ ಸಿಟಿಯೇ 2,240 ಮೀಟರ್, ರೆಯಾಲ್ ದೆಲ್ ಮೊಂತೆ ಅದಕ್ಕಿಂತಲೂ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ ಕೂಡ 1,930 ಮೀಟರ್ ಅಷ್ಟೇ. ನಗರದಲ್ಲಿ ಎರಡು ಮೂರು ದಿನ ಕಳೆದು, ಮೈ ಆ ಗಾಳಿಗೆ ಹೊಂದಿಕೊಂಡ ಮೇಲೆ ಬನ್ನಿ. ಹೃದ್ರೋಗ, ಆಸ್ತಮಾ, ಹತೋಟಿಗೆ ಬಾರದ ಬಿಪಿ ಇರುವವರು ಊರಿನಿಂದ ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಿ, ಅವರು ಹೇಳಿದ್ದನ್ನು ನಮಗೂ ತಿಳಿಸಬೇಕು. ಮುಚ್ಚಿಡಬಾರದು. ನಿಮ್ಮ ಮಾತ್ರೆಗಳು ನಿಮ್ಮ ಕೈಚೀಲದಲ್ಲೇ ಇರಲಿ, ಹೋಟೆಲಿನ ಸೂಟ್‌ಕೇಸಿನಲ್ಲಲ್ಲ.

ಸ್ವೆಟರ್ ಕಡ್ಡಾಯ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ರೇನ್‌ಕೋಟ್ ಕೂಡ. ಬೆಟ್ಟದ ಬುಡದಲ್ಲಿರುವ ಪಚೂಕಾ ನಗರ ಬೀಸುಗಾಳಿಗೇ ಹೆಸರಾದದ್ದು. ಮೇಲೆ ಹತ್ತಿದರೆ ಆ ಗಾಳಿಗೆ ಮಂಜೂ ಸೇರಿಕೊಳ್ಳುತ್ತದೆ. ಮಂಜು ಸರಿದ ಕೂಡಲೇ ಬಿಸಿಲು ಚುರುಕಾಗಿ ಸುಡುತ್ತದೆ, ಟೋಪಿ ತನ್ನಿ. ಕಾಲಿಗೆ ಹಿಡಿತವಿರುವ ಶೂ ಬೇಕು. ಚಪ್ಪಲಿ, ಹೀಲ್ಸ್ ಹಾಕಿ ಬಂದವರನ್ನು ಗಣಿಯೊಳಗೆ ಬಿಡುವುದಿಲ್ಲ. ಅಲ್ಲಿನ ಓಣಿಗಳೆಲ್ಲ ಏರು ಇಳಿಜಾರು, ಸವೆದ ಕಲ್ಲು ನೆನೆದರೆ ಜಾರುತ್ತದೆ. ಅಮ್ಮಂದಿರಿಗೆ, ಅತ್ತೆಯಂದಿರಿಗೆ ಒಂದು ಮಾತು: ಆ ದಿನ ಸೀರೆ ಬೇಡ. ಚೂಡಿದಾರ್ ಆಗಬಹುದು, ಆದರೆ ಗಣಿಯಲ್ಲಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಬೇಕು.

ಚಿಲ್ಲರೆ ಪೆಸೊ ಇಟ್ಟುಕೊಳ್ಳಿ. ಶೌಚಾಲಯಕ್ಕೆ ಹೋದಲ್ಲೆಲ್ಲ ನಾಣ್ಯ ಕೊಡಬೇಕು, ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ದೊಡ್ಡ ನೋಟು ಕೊಟ್ಟರೆ ಅಂಗಡಿಯವರಿಗೆ ತೊಂದರೆ. ನಲ್ಲಿ ನೀರು ಕುಡಿಯಬಾರದು. ಡ್ರೋನ್ ತರಬಾರದು.

ದಾರಿಯಲ್ಲಿ

ಬಸ್ ಬೆಳಗ್ಗೆ ಏಳಕ್ಕೆ ಹೊರಡುತ್ತದೆ. ದೂರ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ನಗರದ ಉತ್ತರದ ಬಾಯಿ ದಾಟುವುದು ತಡವಾದರೆ ಎರಡು ಗಂಟೆಯ ದಾರಿ ಮೂರಾಗುತ್ತದೆ. ಏಳೂ ಐದಕ್ಕೆ ಬಂದು ಬಾಗಿಲು ಬಡಿಯಬೇಡಿ.

ಒಂದೇ ದಿನದಲ್ಲಿ ಪ್ರಿಸ್ಮಾಸ್ ಬಸಾಲ್ತಿಕೋಸನ್ನೂ ತೋರಿಸಿ ಎಂದು ದಾರಿ ಮಧ್ಯೆ ಕೇಳಬೇಡಿ. 1803ರಲ್ಲಿ ಜರ್ಮನ್ ವಿಜ್ಞಾನಿ ಹಂಬೋಲ್ಟ್ ನೋಡಿ ಚಿತ್ರ ಬರೆದ ಆ ಕಲ್ಲಿನ ಕಂಬಗಳು ನಿಜವಾಗಿಯೂ ನೋಡತಕ್ಕವು, ಆದರೆ ಅವು ಇರುವುದು ಹುವಾಸ್ಕಾ ಕಡೆ, ಅದಕ್ಕೆ ಬೇರೆ ದಿನವೇ ಬೇಕು. ಎರಡನ್ನೂ ಸೇರಿಸಿದರೆ ಎರಡು ಕಡೆಯೂ ಇಳಿದು, ಫೋಟೊ ಹೊಡೆದು, ಹತ್ತಿ ಬಂದಂತಾಗುತ್ತದೆ. ಹಾಗೆ ಮಾಡುವ ಪ್ರವಾಸ ನಮಗೆ ಬೇಡ.

ಗಣಿಯೊಳಗೆ

ಅಕೋಸ್ತಾ ಗಣಿ ಈಗ ಮ್ಯೂಸಿಯಂ. ಹದಿನೆಂಟನೇ ಶತಮಾನದಲ್ಲಿ ತೆರೆದು, ಇಪ್ಪತ್ತನೇ ಶತಮಾನದ ಕೊನೆಯ ದಶಕಗಳವರೆಗೂ ದುಡಿದ ಗಣಿ ಇದು. ಒಳಗೆ ಸುಮಾರು ನಾನೂರು ಮೀಟರ್ ಸುರಂಗದಲ್ಲಿ ನಡೆಯಬೇಕು. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟುವವರು ಬಾಗಿಲಲ್ಲೇ ಹೇಳಿ. ಹೊರಗೆ ಕುಳಿತುಕೊಳ್ಳಲು ಜಾಗವಿದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅರ್ಧ ದಾರಿಯಲ್ಲಿ ಗಾಬರಿಯಾದರೆ ಮಾತ್ರ ಇಡೀ ಸಾಲು ಹಿಂದಕ್ಕೆ ಬರಬೇಕಾಗುತ್ತದೆ.

ಹೆಲ್ಮೆಟ್ಟನ್ನು ಗಲ್ಲದ ಪಟ್ಟಿ ಬಿಗಿದು ಹಾಕಿಕೊಳ್ಳಬೇಕು. ಸೆಲ್ಫಿಗಾಗಿ ತೆಗೆಯುವಂತಿಲ್ಲ. ಸಾಲು ಬಿಟ್ಟು ಅಡ್ಡ ಸುರಂಗಗಳಿಗೆ ಇಣುಕಬಾರದು. ಗೋಡೆ ತಟ್ಟಿ ನೋಡುವುದು, ಆಧಾರಕ್ಕಿಟ್ಟ ಮರವನ್ನು ಅಲ್ಲಾಡಿಸುವುದು, ಪ್ರತಿಧ್ವನಿ ಕೇಳಲೆಂದು ಕೂಗುವುದು ಕೂಡದು. ಒಳಗೆ ಹೋಗುವಾಗ ಎಣಿಸುತ್ತೇವೆ, ಹೊರಬಂದ ಮೇಲೂ ಎಣಿಸುತ್ತೇವೆ. ಎಣಿಕೆ ಮುಗಿಯುವವರೆಗೂ ಯಾರೂ ಕದಲಬಾರದು. ಒಂದು ಚೂರು ಕಲ್ಲನ್ನೂ ಜೇಬಿಗೆ ಹಾಕಬಾರದು. ನೆನಪಿಗೆ ಒಂದೇ ಒಂದು ಎನ್ನುವವರಿಗೂ ಇದೇ ಉತ್ತರ.

ಗಣಿ ತೋರಿಸುವ ಮಾರ್ಗದರ್ಶಿಗಳಲ್ಲಿ ತಾವೇ ಕೆಳಗಿಳಿದು ದುಡಿದವರು ಇರಬಹುದು, ಅಪ್ಪನನ್ನೋ ಅಜ್ಜನನ್ನೋ ಗಣಿಗೆ ಕೊಟ್ಟವರಿರಬಹುದು. ಅವರು ಮಾತಾಡುವಾಗ ಮೊಬೈಲ್ ನೋಡಬೇಡಿ, ನಿಮ್ಮೊಳಗೇ ಕನ್ನಡದಲ್ಲಿ ಹರಟೆ ಹೊಡೆಯಬೇಡಿ. ಅವರು ಹೇಳಿದ್ದನ್ನು ನಾವು ಕನ್ನಡದಲ್ಲಿ ತಿಳಿಸುತ್ತೇವೆ, ಅದಕ್ಕೆ ಎರಡು ನಿಮಿಷ ತಾಳ್ಮೆ ಬೇಕು. ‘ಇಲ್ಲಿ ದೆವ್ವ ಇದೆಯಾ’, ‘ಎಷ್ಟು ಜನ ಸತ್ತರು, ಎಲ್ಲಿ ಸತ್ತರು’ ಎಂದು ಕೆದಕಬೇಡಿ. ಅವರಾಗಿಯೇ ಹೇಳಿದರೆ ಕೇಳಿ. ಹೊರಗೆ ಬಂದ ಮೇಲೆ ಅವರಿಗೆ ಭಕ್ಷೀಸು ಕೊಡುವುದು ಅಲ್ಲಿನ ರೂಢಿ, ಕೈಗೆ ಕೊಟ್ಟು ‘ಗ್ರಾಸಿಯಾಸ್’ ಎನ್ನಿ.

1766ರ ಸಂಗತಿ ತಿಳಿದುಕೊಂಡು ಬನ್ನಿ

ಈ ಊರನ್ನು ಕೆಲವರು ‘ಪುಟ್ಟ ಇಂಗ್ಲೆಂಡ್’ ಎಂದು ತೋರಿಸಿ ಮುಗಿಸುತ್ತಾರೆ. ನಮ್ಮ ತಂಡ ಹಾಗೆ ನೋಡಬಾರದು. ಇಂಗ್ಲಿಷರು ಕಾಲಿಡುವ ಅರ್ಧ ಶತಮಾನಕ್ಕೂ ಮೊದಲೇ ಇಲ್ಲಿನ ಕೂಲಿಗಳು ಒಡೆಯನಿಗೆ ಎದುರು ನಿಂತವರು.

ಒಡೆಯನ ಹೆಸರು ಪೆದ್ರೊ ರೊಮೆರೊ ದೆ ತೆರ್ರೆರೊಸ್. ಅದಿರು ಒಡೆಯುವವರಿಗೆ ದಿನಗೂಲಿಯ ಜೊತೆ ‘ಪಾರ್ತಿದೊ’ ಎಂಬ ಪಾಲು ಸಿಗುತ್ತಿತ್ತು. ಆ ದಿನದ ಲೆಕ್ಕದ ಚೀಲಗಳನ್ನು ತುಂಬಿಕೊಟ್ಟ ಮೇಲೆ ಅಗೆದದ್ದರಲ್ಲಿ ಅರ್ಧ ದುಡಿದವನಿಗೆ. ಸಿಡಿಮದ್ದಿನ ಹೊಗೆ, ಮೊಣಕಾಲುದ್ದ ನೀರು, ಕತ್ತಲು, ಇವನ್ನೆಲ್ಲ ಸಹಿಸಿಕೊಂಡು ಕೆಳಗಿಳಿಯುತ್ತಿದ್ದುದೇ ಆ ಅರ್ಧ ಚೀಲದ ಆಸೆಗೆ. ಒಡೆಯ ಅದಕ್ಕೇ ಕೈಹಾಕಿದ. ಒಳ್ಳೆಯ ಅದಿರನ್ನೆಲ್ಲ ಕೂಲಿಯವರು ತಮ್ಮ ಪಾಲಿನ ಚೀಲಕ್ಕೆ ಹಾಕಿಕೊಳ್ಳುತ್ತಾರೆಂದು ದೂರಿ, ಎಲ್ಲ ಚೀಲಗಳನ್ನೂ ಒಟ್ಟಿಗೆ ಸುರಿದು, ಕಲಸಿ, ಆಮೇಲೆ ಪಾಲು ಕೊಡುವಂತೆ ಮಾಡಿದ. ಹೊರೆ ಹೊರುವವರ ದಿನಗೂಲಿಯನ್ನು ನಾಲ್ಕು ರೆಯಾಲ್‌ನಿಂದ ಮೂರಕ್ಕೆ ಇಳಿಸಿದ. ಕೂಲಿಗಳು ಮೊದಲು ಬರಹದಲ್ಲೇ ದೂರು ಕೊಟ್ಟರು, ಪಚೂಕಾಗೆ ನಡೆದರು, ಸ್ಪೇನ್ ದೊರೆಯ ವೈಸ್‌ರಾಯ್‌ವರೆಗೂ ಹೋದರು. ಸರಿಯಾದ ಪರಿಹಾರ ಸಿಗಲಿಲ್ಲ. 1766ರ ಆಗಸ್ಟ್ 15ರಂದು ಕೆಲಸ ನಿಂತು ದಂಗೆಯೇ ಆಯಿತು. ಪಚೂಕಾದ ಆಡಳಿತಾಧಿಕಾರಿ ಸತ್ತ, ಒಡೆಯ ಓಡಿಹೋಗಿ ಜೀವ ಉಳಿಸಿಕೊಂಡ. ವಿಚಾರಣೆಗೆ ಬಂದ ನ್ಯಾಯವೇತ್ತ ಫ್ರಾನ್ಸಿಸ್ಕೊ ಹಾವಿಯೆರ್ ದೆ ಗಂಬೋವಾ ಪಾಲಿನ ಪದ್ಧತಿಯನ್ನು ಮತ್ತೆ ನಿಯಮವಾಗಿಯೇ ಬರೆದುಕೊಟ್ಟ. ಅಮೆರಿಕ ಖಂಡದ ಮೊದಲ ಕಾರ್ಮಿಕ ಮುಷ್ಕರ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ.

ಒಡೆಯನಿಗೆ 1768ರಲ್ಲಿ ರೆಗ್ಲಾದ ಕೌಂಟ್ ಎಂಬ ಪದವಿ ಸಿಕ್ಕಿತು. 1775ರಲ್ಲಿ ಅವನು ಕಟ್ಟಿಸಿದ ಗಿರವಿ ಸಂಸ್ಥೆ ಮೊಂತೆ ದೆ ಪಿಯೆದಾದ್ ಇಂದಿಗೂ ಮೆಕ್ಸಿಕೋ ಸಿಟಿಯ ಸೋಕಲೊ ಚೌಕದ ಪಕ್ಕದಲ್ಲಿ ನಡೆಯುತ್ತಿದೆ. ನಿಮ್ಮಲ್ಲಿ ಹಲವರು ಅದರ ಮುಂದೆಯೇ ಹಾದು ಹೋಗಿರುತ್ತೀರಿ. ಆ ಹಣ ಬಂದ ಜಾಗ ಈ ಬೆಟ್ಟ.

ಇಂಗ್ಲಿಷರು ಬಂದದ್ದು ಆಮೇಲೆ. ಮೆಕ್ಸಿಕೋದ ಸ್ವಾತಂತ್ರ್ಯ ಸಮರದಲ್ಲಿ ಪಾಳುಬಿದ್ದು ನೀರು ತುಂಬಿದ್ದ ಗಣಿಗಳನ್ನು ಮತ್ತೆ ನಡೆಸಲು 1824ರಲ್ಲಿ ಲಂಡನ್ನಿನಲ್ಲಿ ಕಂಪನಿಯೊಂದು ಹುಟ್ಟಿತು. ಕಾರ್ನ್‌ವಾಲಿನ ಗಣಿಗಾರರು ಉಗಿಯಂತ್ರಗಳನ್ನು ಹಡಗಿಗೆ ತುಂಬಿ ವೆರಾಕ್ರೂಸ್ ಕರಾವಳಿಯಲ್ಲಿ ಇಳಿದರು. ಸುಮಾರು 1,500 ಟನ್ ಕಬ್ಬಿಣವನ್ನು ಹೇಸರಗತ್ತೆ, ಗಾಡಿಗಳ ಮೇಲೆ ಬೆಟ್ಟಕ್ಕೆ ಎಳೆದು ತಂದರು. ಹಳದಿ ಜ್ವರಕ್ಕೆ ಸಿಕ್ಕಿ ಎಷ್ಟೋ ಜನ ಕರಾವಳಿಯಲ್ಲೇ ಸತ್ತರು. ಉಳಿದವರು 1826ರಲ್ಲಿ ಇಲ್ಲಿಗೆ ಮುಟ್ಟಿದರು. ಆ ಕಂಪನಿ ನಷ್ಟದಲ್ಲಿ ಮುಳುಗಿ 1849ರ ಹೊತ್ತಿಗೆ ಕೈಬದಲಾಯಿಸಿತು, ಕಾರ್ನ್‌ವಾಲಿನವರು ಮಾತ್ರ ಇಲ್ಲೇ ನೆಲೆ ನಿಂತರು.

ಕೋಲಾರದ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ 1824ರ ಕಂಪನಿಯ ಹಿಂದಿದ್ದ ಗಣಿ ಎಂಜಿನಿಯರ್ ಜಾನ್ ಟೇಲರ್. ಅವನ ಮನೆತನದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೇ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟದ್ದು. ಅಲ್ಲಿಗೂ ಕಾರ್ನ್‌ವಾಲಿನ ಗಣಿಗಾರರು ಬಂದರು, ಅಲ್ಲೂ ನಮ್ಮ ಕೂಲಿಗಳು ಮೂರು ಕಿಲೋಮೀಟರಿಗೂ ಕೆಳಗಿಳಿದು ಚಿನ್ನ ತೆಗೆದರು, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದಾಗ ಬೀದಿಗೆ ಬಿದ್ದರು. ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದವರು ನಮ್ಮ ತಂಡದಲ್ಲಿದ್ದರೆ ಅಕೋಸ್ತಾದ ಮಾರ್ಗದರ್ಶಿಗೆ ಅದನ್ನು ತಿಳಿಸಿ, ನಾವು ಸ್ಪ್ಯಾನಿಷ್‌ನಲ್ಲಿ ಹೇಳುತ್ತೇವೆ. ಗಣಿಯ ಊರಿನವರು ಗಣಿಯ ಊರಿನವರನ್ನು ಮಾತಾಡಿಸಬೇಕು. ಈ ಒಂದು ಕಡೆ ಮಾತ್ರ ಗಡಿಯಾರ ನೋಡುವುದಿಲ್ಲ, ಬಸ್ಸನ್ನು ನಾವು ತಡೆದು ನಿಲ್ಲಿಸುತ್ತೇವೆ.

ಹಳೆಯ ಗಣಿ ಆಸ್ಪತ್ರೆಯಲ್ಲಿ

1907ರಲ್ಲಿ ಗಣಿ ಕಾರ್ಮಿಕರಿಗಾಗಿ ಕಟ್ಟಿದ ಆಸ್ಪತ್ರೆ ಈಗ ಕಾರ್ಮಿಕ ವೈದ್ಯಕೀಯದ ಮ್ಯೂಸಿಯಂ ಆಗಿದೆ. ಹಳೆಯ ಶಸ್ತ್ರಚಿಕಿತ್ಸೆಯ ಮೇಜು, ಔಷಧದ ಶೀಶೆಗಳು, ಕಬ್ಬಿಣದ ಮಂಚಗಳು. ಅನೇಕರು ಇದನ್ನು ಬಿಟ್ಟು ಅಂಗಡಿ ಬೀದಿಗೆ ಹೋಗಲು ನೋಡುತ್ತಾರೆ. ಬಿಡುವಂತಿಲ್ಲ. ಕಲ್ಲಿನ ಧೂಳು ಎದೆಯೊಳಗೆ ಕೂತು ಉಸಿರು ಕಿತ್ತುಕೊಳ್ಳುವ ಸಿಲಿಕೋಸಿಸ್ ಏನೆಂದು ಗೊತ್ತಾಗದೆ ಬೆಳ್ಳಿಯ ಊರು ಅರ್ಥವಾಗುವುದಿಲ್ಲ. ಮಂಚದ ಮೇಲೆ ಮಲಗಿ ಫೋಟೊ ತೆಗೆಸಿಕೊಳ್ಳಬಾರದು. ಇದನ್ನು ಬರೆಯಬೇಕಾಗಿ ಬಂದದ್ದಕ್ಕೆ ಬೇಸರವಿದೆ, ಆದರೂ ಬರೆದೇ ಹೇಳಬೇಕಾಗಿದೆ.

ಇಂಗ್ಲಿಷರ ಸ್ಮಶಾನದಲ್ಲಿ

ಊರಿನ ಮೇಲಿನ ಗುಡ್ಡದಲ್ಲಿ ಓಯಾಮೆಲ್ ಮರಗಳ ನೆರಳಿನಲ್ಲಿ ‘ಪಾಂತೆಯೋನ್ ಇಂಗ್ಲೆಸ್’ ಇದೆ. ದಾರಿ ಕಡಿದಾದ ಏರು. ಮಂಡಿ ನೋವಿರುವವರು ಚೌಕದಲ್ಲೇ ಕುಳಿತು ವಿಶ್ರಾಂತಿ ತೆಗೆದುಕೊಳ್ಳಿ, ಅಥವಾ ಟ್ಯಾಕ್ಸಿ ಮಾಡಿಕೊಡುತ್ತೇವೆ. ಹತ್ತುವವರು ಓಡಬೇಡಿ. ತಲೆ ಸಿಡಿದರೆ, ಎದೆ ಬಿಗಿದರೆ, ವಾಂತಿ ಬಂದಂತಾದರೆ ತಕ್ಷಣ ನಿಂತು ಹೇಳಿ. ಸಂಕೋಚಕ್ಕೆ ಸುಮ್ಮನಿರುವುದು ಅಪಾಯ. ತುರ್ತು ಸಂಖ್ಯೆ ಮೆಕ್ಸಿಕೋದಲ್ಲೆಲ್ಲ 911.

ಗೇಟು ಮುಚ್ಚಿದ್ದರೆ ಗೋಡೆ ಹತ್ತಬಾರದು. ಕಾವಲಿನವರು ಬಾಗಿಲು ತೆರೆದರೆ ನಮಸ್ಕಾರ ಹೇಳಿ ಒಳಗೆ ಹೋಗಬೇಕು, ಹೊರಡುವಾಗ ಕೈಲಾದದ್ದು ಕೊಡಬೇಕು.

ಇಲ್ಲಿನ ಕಲ್ಲುಗಳನ್ನು ನಿಧಾನವಾಗಿ ಓದಿ, ಹೆಚ್ಚಿನವು ಇಂಗ್ಲಿಷಿನಲ್ಲೇ ಇವೆ. ಹರೆಯದಲ್ಲೇ ಹೋದ ಗಣಿಗಾರರು, ಹೆರಿಗೆಯ ವಯಸ್ಸಿನ ಹೆಣ್ಣುಮಕ್ಕಳು, ತಿಂಗಳು ತುಂಬದ ಕೂಸುಗಳು. ಕಡಲಾಚೆಯ ತಮ್ಮ ಹಳ್ಳಿಯ ಹೆಸರನ್ನೂ ಕೆಲವರು ಕೆತ್ತಿಸಿಕೊಂಡಿದ್ದಾರೆ. ಗೋರಿಗಳೆಲ್ಲ ಇಂಗ್ಲೆಂಡಿಗೆ ಮುಖಮಾಡಿವೆ, ಒಂದನ್ನು ಬಿಟ್ಟು, ಎಂದು ಮಾರ್ಗದರ್ಶಿ ಹೇಳುತ್ತಾರೆ. ಆ ಒಂದು ವಿದೂಷಕ ರಿಚರ್ಡ್ ಬೆಲ್‌ನದು, ಎಲ್ಲರೂ ಹೋದ ದಿಕ್ಕಿಗೆ ತಾನು ಹೋಗುವುದಿಲ್ಲ ಎಂದಿದ್ದನಂತೆ ಎಂದೂ ಸೇರಿಸುತ್ತಾರೆ. ಮೆಕ್ಸಿಕೋವನ್ನೆಲ್ಲ ನಗಿಸಿದ ಪ್ರಸಿದ್ಧ ವಿದೂಷಕ ರಿಕಾರ್ಡೊ ಬೆಲ್ 1911ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡವನು, ಹಾಗಾಗಿ ಈ ಗೋರಿ ಅವನದಲ್ಲದಿರಬಹುದು. ಇದು ನಿಮಗೆ ತಿಳಿದಿರಲಿ, ಆದರೆ ಗೋರಿಯ ಮುಂದೆ ನಿಂತು ಮೊಬೈಲ್ ತೆಗೆದು ಮಾರ್ಗದರ್ಶಿಯ ಜೊತೆ ವಾದಕ್ಕಿಳಿಯಬೇಡಿ. ಊರು ತಲೆತಲಾಂತರದಿಂದ ಹೇಳಿಕೊಂಡು ಬಂದ ಕತೆ, ಕತೆಯಾಗಿ ಕೇಳಿ.

ಗೋರಿಯ ಮೇಲೆ ಕೂರಬಾರದು, ಒರಗಬಾರದು, ಚೀಲ ಇಡಬಾರದು. ಪಾಚಿ ಉಜ್ಜಿ ಅಕ್ಷರ ಓದಲು ಹೋಗಬಾರದು, ಹಳೆಯ ಕಲ್ಲು ಪುಡಿಯಾಗುತ್ತದೆ. ರೀಲ್ಸ್, ಹಾಡು, ಕುಣಿತ ಇಲ್ಲಿ ಪೂರ್ತಿ ನಿಷೇಧ. ಹಿಂದಿನ ತಂಡವೊಂದರಲ್ಲಿ ಮಗುವಿನ ಗೋರಿಯ ಮುಂದೆ ಸಿನಿಮಾ ಹಾಡಿಗೆ ಹೆಜ್ಜೆ ಹಾಕಿದರು, ಕಾವಲಿನವರು ಮಾತಾಡದೆ ಗೇಟಿನತ್ತ ಕೈ ತೋರಿಸಿದರು. ಅವರು ಮಾಡಿದ್ದು ಸರಿ. ಮತ್ತೆ ಹಾಗಾದರೆ ಇಡೀ ತಂಡವನ್ನು ಹೊರಗೆ ಕರೆದುಕೊಂಡು ಬರುತ್ತೇವೆ.

ತಿನ್ನುವ ವಿಚಾರ

ಪಾಸ್ತೆ ತಿನ್ನದೆ ಯಾರೂ ಈ ಊರಿನಿಂದ ಹಿಂದಿರುಗುವುದಿಲ್ಲ. ಕಾರ್ನ್‌ವಾಲಿನ ಗಣಿಗಾರರ ಹೆಂಗಸರು ತಂದ ತಿಂಡಿ ಇದು, ಈಗ ಇದಾಲ್ಗೊದ ಸ್ವಂತ ತಿಂಡಿ. ನೋಡಲು ನಮ್ಮ ಕರ್ಜಿಕಾಯಿಯ ಹಾಗೆ ಅರ್ಧಚಂದ್ರ, ಅಂಚನ್ನು ಜಡೆಯಂತೆ ಮಡಚಿ ಹೆಣೆದಿರುತ್ತಾರೆ. ಆ ಜಡೆಗೆ ಕಾರಣವಿದೆ. ಗಣಿಯೊಳಗೆ ಕೈ ತೊಳೆಯಲು ಆಗದು, ಜಡೆ ಹಿಡಿದು ಉಳಿದದ್ದನ್ನು ತಿಂದು, ಕೊಳೆಯಾದ ಅಂಚನ್ನು ಎಸೆಯುತ್ತಿದ್ದರಂತೆ. ಒಳಗಿನ ಆಲೂಗೆಡ್ಡೆ, ಮಾಂಸವನ್ನು ಹಸಿಯಾಗಿಯೇ ತುಂಬಿ ಹಿಟ್ಟಿನ ಜೊತೆಗೇ ಬೇಯಿಸುವುದು ಪಾಸ್ತೆ. ಬೇಯಿಸಿದ ಹೂರಣ ತುಂಬಿದರೆ ಅದು ಎಂಪನಾದಾ. ಬೇಕರಿಯವರ ಮುಂದೆ ಎರಡನ್ನೂ ಒಂದೇ ಎನ್ನಬೇಡಿ.

ಸಸ್ಯಾಹಾರಿಗಳು ಮತ್ತು ದನದ ಮಾಂಸ ತಿನ್ನದವರು ಈ ಭಾಗವನ್ನು ಎರಡು ಸಲ ಓದಬೇಕು. ಸಾಂಪ್ರದಾಯಿಕ ಪಾಸ್ತೆಯಲ್ಲಿರುವುದು ದನದ ಮಾಂಸ. ‘ಕಾರ್ನೆ’ ಎಂದಷ್ಟೇ ಬರೆದಿದ್ದರೆ ಅಲ್ಲಿ ಸಾಮಾನ್ಯವಾಗಿ ದನದ್ದೇ. ‘ಫ್ರಿಹೋಲ್’ ಎಂದರೆ ರಾಜ್ಮಾದಂಥ ಕಾಳು, ಆದರೆ ಅದಕ್ಕೂ ಹಂದಿಯ ಚೊರೀಸೊ ಸೇರಿಸುವವರಿದ್ದಾರೆ. ಹೊರಗಿನ ಹಿಟ್ಟಿಗೆ ‘ಮಾಂತೆಕಾ’, ಅಂದರೆ ಹಂದಿ ಕೊಬ್ಬು, ಹಾಕುವ ಬೇಕರಿಗಳಿವೆ. ಹಾಗಾಗಿ ಅನಾನಸ್ ತುಂಬಿದ ಸಿಹಿ ಪಾಸ್ತೆಯನ್ನೂ ಕೇಳದೆ ತೆಗೆದುಕೊಳ್ಳಬೇಡಿ. ‘ಯೇವಾ ಕಾರ್ನೆ? ಯೇವಾ ಮಾಂತೆಕಾ?’ ಎಂಬ ಎರಡು ಪ್ರಶ್ನೆ ಕಲಿತು ಬನ್ನಿ: ಮಾಂಸವಿದೆಯೇ, ಹಂದಿ ಕೊಬ್ಬಿದೆಯೇ ಎಂದು ಅರ್ಥ. ಅನುಮಾನ ಬಂದರೆ ನಮ್ಮನ್ನು ಕರೆಯಿರಿ. ಪೂರ್ತಿ ಶುದ್ಧ ಸಸ್ಯಾಹಾರ ಬೇಕೆನ್ನುವವರು ಬೆಳಗ್ಗೆಯೇ ಚಪಾತಿಯೋ ಚಿತ್ರಾನ್ನವೋ ಕಟ್ಟಿಕೊಳ್ಳಿ, ಚೌಕದ ಬೆಂಚಿನ ಮೇಲೆ ತಿನ್ನಬಹುದು. ಬೇರೆಯವರ ಹೋಟೆಲಿನ ಮೇಜಿನ ಮೇಲೆ ನಮ್ಮ ಡಬ್ಬಿ ಬಿಚ್ಚುವಂತಿಲ್ಲ. ಪಕ್ಕದವರು ಏನು ತಿನ್ನುತ್ತಿದ್ದಾರೆ ಎಂದು ನೋಡಿ ಮೂಗು ಮುರಿಯುವುದು, ಕನ್ನಡದಲ್ಲಿ ಆಡಿಕೊಳ್ಳುವುದು ನಮ್ಮ ತಂಡದಲ್ಲಿ ಸಲ್ಲದು. ಭಾಷೆ ತಿಳಿಯದಿದ್ದರೂ ಮುಖ ಎಲ್ಲರಿಗೂ ತಿಳಿಯುತ್ತದೆ.

ಪುಲ್ಕೆ ಆ ನಾಡಿನ ಹಳೆಯ ಪಾನೀಯ. ಕುಡಿಯುವವರು ಗಣಿ ಮತ್ತು ಸ್ಮಶಾನ ಎರಡೂ ಮುಗಿದ ಮೇಲೆ, ಸ್ವಲ್ಪವೇ. ಆ ಎತ್ತರದಲ್ಲಿ ಅದು ಬೇಗ ತಲೆಗೇರುತ್ತದೆ.

ಬೀದಿಯಲ್ಲಿ

ಅಂಗಡಿಯ ಹೊಸ್ತಿಲು ದಾಟುವಾಗ ಮಧ್ಯಾಹ್ನದ ಮೊದಲು ‘ಬುಯೆನೋಸ್ ದಿಯಾಸ್’, ಆಮೇಲೆ ‘ಬುಯೆನಾಸ್ ತಾರ್ದೆಸ್’ ಎನ್ನಬೇಕು. ಹೇಳದೆ ನೇರ ಬೆಲೆ ಕೇಳುವುದು ಅಲ್ಲಿ ಒರಟುತನ. ಊಟ ಮಾಡುತ್ತಿರುವವರ ಪಕ್ಕ ಹಾದು ಹೋಗುವಾಗ ‘ಪ್ರೊವೇಚೊ’ (ಊಟ ಚೆನ್ನಾಗಿ ಆಗಲಿ) ಎಂದರೆ ಅವರಿಗೆ ಸಂತೋಷ. ಜನರ ಫೋಟೊ ಕೇಳಿಯೇ ತೆಗೆಯಬೇಕು. ಮನೆಯ ಕಿಟಕಿ, ಅಂಗಳ, ಒಣಹಾಕಿದ ಬಟ್ಟೆ ಎಷ್ಟೇ ಬಣ್ಣಬಣ್ಣವಾಗಿದ್ದರೂ ಅದು ಒಬ್ಬರ ಮನೆ.

ಪಾನ್ ಪರಾಗ್, ಗುಟ್ಕಾ, ತಂಬಾಕು ಜಗಿಯುವವರು ಬಸ್ ಹತ್ತುವ ಮೊದಲೇ ಚೀಲ ಖಾಲಿ ಮಾಡಿ. ಅಲ್ಲಿನ ಕಲ್ಲಿನ ಮೇಲೆ ಒಂದು ಕೆಂಪು ಕಲೆ ಬಿದ್ದರೂ ಮುಂದಿನ ಪ್ರವಾಸಗಳಿಗೆ ಆ ವ್ಯಕ್ತಿಯನ್ನು ಸೇರಿಸಿಕೊಳ್ಳುವುದಿಲ್ಲ. ಸಿಗರೇಟಿಗೂ 2023ರ ಜನವರಿಯಿಂದ ಮೆಕ್ಸಿಕೋದಲ್ಲಿ ಸಾರ್ವಜನಿಕ ಜಾಗಗಳಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಚೌಕದಲ್ಲಿ ಹಚ್ಚಬೇಡಿ.

ಬೆಳ್ಳಿ ಕೊಳ್ಳುವವರು ಒಡವೆಯ ಒಳಭಾಗದಲ್ಲಿ 925 ಮುದ್ರೆ ಇದೆಯೇ ನೋಡಿ, ರಸೀದಿ ಕೇಳಿ ತೆಗೆದುಕೊಳ್ಳಿ. ಒಂದು ಸಲ ಬೆಲೆ ವಿಚಾರಿಸುವುದು ಸರಿ. ಅರ್ಧಕ್ಕೆ ಕೊಡಿ ಎಂದು ಜಗ್ಗಾಡುವುದು, ಹೊರಟಂತೆ ಮಾಡಿ ಮತ್ತೆ ತಿರುಗಿ ಬರುವುದು ಬೇಡ. ಕೈಕೆಲಸದವರ ದಿನದ ಕೂಲಿ ಆ ಬೆಲೆಯಲ್ಲೇ ಇದೆ.

ಕೊನೆಯ ಮಾತು ಸಮಯದ್ದು. ಸಂಜೆ ನಾಲ್ಕೂವರೆಗೆ ಬಸ್ ಚೌಕದ ಕೆಳಗಿನ ರಸ್ತೆಯಿಂದ ಹೊರಡುತ್ತದೆ. ಅಲ್ಲಿ ದೊಡ್ಡ ವಾಹನ ಹೆಚ್ಚು ಹೊತ್ತು ನಿಲ್ಲಿಸಲು ಜಾಗವಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಎಲ್ಲರೂ ಸೀಟಿನಲ್ಲಿರಬೇಕು. ಹತ್ತುವ ಮೊದಲು ಮೊಬೈಲ್, ಕನ್ನಡಕ, ಪಾಸ್‌ಪೋರ್ಟ್, ಮಾತ್ರೆ ಡಬ್ಬಿ ಇವನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳಿ. ಪಚೂಕಾ ದಾಟಿದ ಮೇಲೆ ಮರೆತ ವಸ್ತುವಿಗಾಗಿ ಬಸ್ ಹಿಂದಕ್ಕೆ ತಿರುಗುವುದಿಲ್ಲ.